ಫಂಡ್ ನಿಂತ ಮೇಲೆ ಏನು ಉಳಿಯುತ್ತದೆ?

2025ರ ಜನವರಿ 20. ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಧಿಕಾರಕ್ಕೆ ಬಂದ ದಿನವೇ ಅಮೆರಿಕದ ವಿದೇಶಿ ನೆರವಿಗೆ 90 ದಿನಗಳ ತಡೆ ಬಿತ್ತು. ನಾಲ್ಕು ದಿನ ಕಳೆಯುವಷ್ಟರಲ್ಲಿ ‘ಕೆಲಸ ನಿಲ್ಲಿಸಿ’ ಎಂಬ ಆದೇಶ ಹೊರಬಿತ್ತು. ವಿದೇಶಗಳಿಗೆ ನೆರವು ಹಂಚುತ್ತಿದ್ದ ಅಮೆರಿಕದ ಸರ್ಕಾರಿ ಸಂಸ್ಥೆ ಯುಎಸ್‌ಏಡ್‌ನ ಶೇ 83ರಷ್ಟು ಕಾರ್ಯಕ್ರಮಗಳನ್ನು ರದ್ದು ಮಾಡಿದ್ದೇವೆ ಎಂದು ಮಾರ್ಚ್‌ನಲ್ಲಿ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಹೇಳಿದರು. 1961ರಿಂದ ಇದ್ದ ಆ ಸಂಸ್ಥೆ ಜುಲೈ 1ಕ್ಕೆ ಬಾಗಿಲು ಹಾಕಿತು.

ಸುದ್ದಿ ಓದಿದವರಿಗೆ ಒಂದು ವಿಷಯ ಅರ್ಥವಾಗಲಿಲ್ಲ. ದಕ್ಷಿಣ ಆಫ್ರಿಕಾವನ್ನೇ ನೋಡಿ. ಅಲ್ಲಿ ಸುಮಾರು 80 ಲಕ್ಷ ಮಂದಿ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ. ಅವರ ಮಾತ್ರೆಗಳನ್ನು ಬಹುಪಾಲು ಆ ದೇಶದ ಸರ್ಕಾರವೇ ಕೊಳ್ಳುತ್ತದೆ. ಎಚ್‌ಐವಿ ಕಾರ್ಯಕ್ರಮದ ಒಟ್ಟು ಖರ್ಚಿನಲ್ಲಿ ಅಮೆರಿಕದ ಪಾಲು ಇದ್ದದ್ದು ಶೇ 17 ಮಾತ್ರ. ಹಾಗಿದ್ದ ಮೇಲೆ ಶೇ 17 ಹೋದರೆ ಇಡೀ ವ್ಯವಸ್ಥೆ ಅಲುಗಾಡಿದ್ದು ಯಾಕೆ? ನಮ್ಮಲ್ಲೂ ಅಷ್ಟೇ. ಭಾರತದ ಎಚ್‌ಐವಿ ಕಾರ್ಯಕ್ರಮ ನಡೆಯುವುದು ಕೇಂದ್ರ ಸರ್ಕಾರದ ದುಡ್ಡಿನಲ್ಲಿ. ಆದರೂ ಹೈದರಾಬಾದ್‌ನ ಒಂದು ಕ್ಲಿನಿಕ್ ರಾತ್ರೋರಾತ್ರಿ ಮುಚ್ಚಿತು. ಯಾಕೆ?

ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ, ಆರೋಗ್ಯ ಕಾರ್ಯಕ್ರಮಗಳ ‘ಸುಸ್ಥಿರತೆ’ ಎಂದು ವರದಿಗಳಲ್ಲಿ ಪದೇ ಪದೇ ಬರುವ ಮಾತಿನ ಒಳಗೇನಿದೆ ಎಂದು ಗೊತ್ತಾಗುತ್ತದೆ. ಆ ಪದ ಸ್ವಲ್ಪ ಭಾರ. ‘ಬಾಳಿಕೆ’ ಎನ್ನೋಣ.

ಮಾತ್ರೆ ಇತ್ತು, ಹಿಂದೆ ಬಿದ್ದು ಕೊಡುವವರು ಇರಲಿಲ್ಲ

ದಕ್ಷಿಣ ಆಫ್ರಿಕಾದಲ್ಲಿ ಅಮೆರಿಕದ ಹಣದಿಂದ ಸಂಬಳ ಪಡೆಯುತ್ತಿದ್ದ ಆರೋಗ್ಯ ಸಿಬ್ಬಂದಿ 15,000ಕ್ಕೂ ಹೆಚ್ಚು. ಅವರಲ್ಲಿ ಕೌನ್ಸೆಲರ್‌ಗಳಿದ್ದರು, ಕಂಪ್ಯೂಟರ್‌ಗೆ ಮಾಹಿತಿ ತುಂಬುವವರಿದ್ದರು, ಮಾತ್ರೆ ಒಯ್ಯಲು ಬಾರದವರ ಮನೆ ಹುಡುಕಿಕೊಂಡು ಹೋಗುವವರಿದ್ದರು.

ಎಚ್‌ಐವಿ ಮಾತ್ರೆಯನ್ನು ಬದುಕಿರುವವರೆಗೂ ನುಂಗಬೇಕು. ಮೈ ಚೆನ್ನಾಗಿದೆ ಅನಿಸಿದಾಗ ಮನುಷ್ಯ ಬಿಡುತ್ತಾನೆ. ಊರು ಬದಲಾಯಿಸಿದಾಗ ಬಿಡುತ್ತಾನೆ. ಮನೆಯವರಿಗೆ ಗೊತ್ತಾಗುತ್ತದೆಂಬ ಹೆದರಿಕೆಗೆ ಬಿಡುತ್ತಾನೆ. ಯಾರು ಈ ತಿಂಗಳು ಬಂದಿಲ್ಲ ಎಂದು ಪಟ್ಟಿ ನೋಡಿ ಹೇಳುವವರು ಒಬ್ಬರು ಬೇಕು. ಹೋಗಿ ಕರೆದುಕೊಂಡು ಬರುವವರು ಇನ್ನೊಬ್ಬರು ಬೇಕು. ಸರ್ಕಾರ ಮಾತ್ರೆ ಕೊಂಡಿತ್ತು. ಈ ಇಬ್ಬರ ಸಂಬಳ ಮಾತ್ರ ಬೇರೆಯವರ ಜೇಬಿನಲ್ಲಿತ್ತು. ಶೇ 17 ಚಿಕ್ಕ ಸಂಖ್ಯೆ ನಿಜ, ಆದರೆ ಅದು ಕುಳಿತಿದ್ದ ಜಾಗ ಚಿಕ್ಕದಾಗಿರಲಿಲ್ಲ.

ಹೈದರಾಬಾದ್‌ನ ಕಥೆಯೂ ಇದೇ ಜಾತಿಯದು. 2021ರಲ್ಲಿ ಅಲ್ಲಿ ‘ಮಿತ್ರ್’ ಎಂಬ ಕ್ಲಿನಿಕ್ ಶುರುವಾಯಿತು. ಟ್ರಾನ್ಸ್‌ಜೆಂಡರ್ ಸಮುದಾಯಕ್ಕಾಗಿ, ಬಹುಪಾಲು ಅದೇ ಸಮುದಾಯದವರೇ ನಡೆಸುತ್ತಿದ್ದ ಕ್ಲಿನಿಕ್. ಹಣ ಯುಎಸ್‌ಏಡ್‌ನದು. ತಡೆ ಬೀಳುತ್ತಿದ್ದಂತೆ ಅದೂ ಮುಚ್ಚಿತು, ಪುಣೆ ಮತ್ತು ಮುಂಬೈ ಬಳಿಯ ಕಲ್ಯಾಣದ ಇನ್ನೆರಡು ಕ್ಲಿನಿಕ್‌ಗಳೂ ಮುಚ್ಚಿದವು. ಅಲ್ಲಿಗೆ ಬರುತ್ತಿದ್ದವರಿಗೆ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಸೆಂಟರ್‌ನಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ, ಅದು ನಿಂತಿರಲಿಲ್ಲ. ಇಲ್ಲವಾದದ್ದು, ಸಾಲಿನಲ್ಲಿ ನಿಂತಾಗ ಯಾರೂ ತಿರುಗಿ ತಿರುಗಿ ನೋಡದ ಒಂದು ಜಾಗ. ಹೈದರಾಬಾದ್‌ನ ಕ್ಲಿನಿಕ್ ಮುಂದೆ ಟಾಟಾ ಟ್ರಸ್ಟ್ಸ್ ನೆರವಿನಿಂದ ‘ಸಬ್‌ರಂಗ್’ ಎಂಬ ಹೆಸರಲ್ಲಿ ಮತ್ತೆ ತೆರೆಯಿತು. ಒಳ್ಳೆಯದಾಯಿತು. ಆದರೆ ಒಬ್ಬ ದಾನಿಯ ಬದಲು ಇನ್ನೊಬ್ಬ ದಾನಿ ಬಂದರೆ ಬಾಳಿಕೆ ಬಂತು ಎಂದೇನೂ ಅಲ್ಲ. ಗಡುವು ಮುಂದಕ್ಕೆ ಹೋಗಿದೆ, ಅಷ್ಟೇ.

ಮೂರು ವರ್ಷದ ಗಡಿಯಾರ

ಫಂಡ್ ನಿಲ್ಲುವುದು ಅಮೆರಿಕದ ರಾಜಕೀಯದಿಂದ ಮಾತ್ರ ಎಂದುಕೊಂಡರೆ ತಪ್ಪಾಗುತ್ತದೆ. ನಮ್ಮ ಎನ್‌ಜಿಒಗಳಿಗೆ ಇದು ಮೂರು ನಾಲ್ಕು ವರ್ಷಕ್ಕೊಮ್ಮೆ ಬರುವ ಜ್ವರ. ಕಾರಣ ಕಾನೂನು, ಲೆಕ್ಕಪತ್ರ ಮತ್ತು ಒಂದಷ್ಟು ಅಭ್ಯಾಸ.

ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಯ ಹಣ, ತೆಗೆದುಕೊಳ್ಳಿ. 2013ರ ಕಂಪನಿ ಕಾಯ್ದೆಯ ಪ್ರಕಾರ, ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಹಲವು ವರ್ಷ ನಡೆಯುವ ಕೆಲಸಕ್ಕೆ ‘ಮುಂದುವರಿಯುವ ಯೋಜನೆ’ ಎಂದು ಹೆಸರಿಡಬಹುದು. ಅದಕ್ಕೂ ಶುರುವಾದ ವರ್ಷವನ್ನು ಬಿಟ್ಟು ಮೂರು ವರ್ಷದ ಮಿತಿ ಇದೆ. ಕೆರೆ ಹೂಳು ತೆಗೆಯಲು, ಶಾಲೆಗೆ ಶೌಚಾಲಯ ಕಟ್ಟಲು ಮೂರು ವರ್ಷ ಧಾರಾಳ. ಟಿಬಿ ಅಥವಾ ಅಪೌಷ್ಟಿಕತೆಗೆ ಸಾಲದು. ಮೊದಲ ವರ್ಷ ಜನರನ್ನು ನೇಮಿಸಿ ತರಬೇತಿ ಕೊಡುವುದರಲ್ಲಿ ಹೋಗುತ್ತದೆ. ಎರಡನೇ ವರ್ಷ ಊರಿನವರು ನಂಬುತ್ತಾರೆ. ಮೂರನೇ ವರ್ಷ ಕೆಲಸ ಓಡತೊಡಗಿದಾಗ ಸಿಬ್ಬಂದಿ ಮುಂದಿನ ಕೆಲಸ ಹುಡುಕುತ್ತಿರುತ್ತಾರೆ.

ಹಾಗಾದರೆ ಒಳ್ಳೆಯ ವರ್ಷಗಳಲ್ಲಿ ಸ್ವಲ್ಪ ಉಳಿಸಿಟ್ಟುಕೊಳ್ಳಬಾರದೇ? ಆಪತ್ಕಾಲಕ್ಕೆ ಅಂತ ಸಂಸಾರಸ್ಥರು ಮಾಡುವುದೇ ಅದನ್ನು. ಟ್ರಸ್ಟ್‌ಗಳಿಗೆ ಅಷ್ಟು ಸಲೀಸಿಲ್ಲ. ತೆರಿಗೆ ವಿನಾಯಿತಿ ಬೇಕೆಂದರೆ ಆ ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು. ಇಂಥದ್ದಕ್ಕೇ ಎಂದು ಬರೆದುಕೊಟ್ಟು ಐದು ವರ್ಷದವರೆಗೆ ತೆಗೆದಿಡಲು ಅವಕಾಶ ಇದೆ, ಆದರೆ ಪ್ರಾಜೆಕ್ಟ್ ಲೆಕ್ಕದಲ್ಲಿ ಬಂದ ದುಡ್ಡು ಮಿಕ್ಕರೆ ಸಾಮಾನ್ಯವಾಗಿ ಕೊಟ್ಟವರಿಗೇ ವಾಪಸು ಹೋಗಬೇಕು. ಉಳಿಸಿದವರು ಜಾಣರು ಅನಿಸಿಕೊಳ್ಳುವುದಿಲ್ಲ, ‘ಖರ್ಚು ಮಾಡಲು ಬರದವರು’ ಅನಿಸಿಕೊಳ್ಳುತ್ತಾರೆ!

ವಿದೇಶಿ ದೇಣಿಗೆಯ ನಿಯಮ ಇನ್ನೂ ಬಿಗಿ. 2020ರಲ್ಲಿ ಎಫ್‌ಸಿಆರ್‌ಎ ಕಾಯ್ದೆಗೆ ತಿದ್ದುಪಡಿ ಬಂತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ ಎಂದಾಯಿತು. ಸರ್ಕಾರದ ವಾದ ಸರಳ: ವಿದೇಶಿ ಹಣ ಎಲ್ಲಿ ಹೋಗುತ್ತದೆ ಎಂದು ಕಾಣಬೇಕು, ಕಾರು ಕಚೇರಿಗೆ ಖರ್ಚಾಗಬಾರದು. ಅದರಲ್ಲಿ ನ್ಯಾಯ ಇಲ್ಲದಿಲ್ಲ. ಪರಿಣಾಮ ಮಾತ್ರ ಬೇರೆ ಕಡೆ ತಟ್ಟಿತು. ದೊಡ್ಡ ಸಂಸ್ಥೆ ದಾನಿಯ ಇಂಗ್ಲಿಷ್ ಫಾರಂ ತುಂಬಿ ಹಣ ತಂದು ತಾಲ್ಲೂಕು ಮಟ್ಟದ ಸಣ್ಣ ಸಂಘಗಳಿಗೆ ಹಂಚುವ ದಾರಿ ಮುಚ್ಚಿತು. ಪ್ರಾಜೆಕ್ಟ್ ಮುಗಿದ ಮೇಲೂ ಊರಲ್ಲೇ ಉಳಿಯುವವರು ಆ ಸಣ್ಣ ಸಂಘದವರು. ಬಾಳಿಕೆಗೆ ಬೇಕಾದವರಿಗೇ ಹಣ ತಲುಪುವುದು ಕಷ್ಟವಾಯಿತು.

ರೊಮೇನಿಯಾದಲ್ಲಿ ಸೂಜಿ ನಿಂತಾಗ

ಫಂಡ್ ನಿಂತರೆ ಆಗುವ ಹಾನಿ ತಕ್ಷಣ ಕಾಣುವುದಿಲ್ಲ. ಹಾಗಾಗಿ ‘ನಿಲ್ಲಿಸಿದರೂ ಏನೂ ಆಗಲಿಲ್ಲವಲ್ಲ’ ಎಂದು ಹೇಳುವುದು ಸುಲಭ. ರೊಮೇನಿಯಾ ಇದಕ್ಕೆ ಉದಾಹರಣೆ.

ಆ ದೇಶ 2007ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿತು. ಆದಾಯ ಏರಿತು. ಏಡ್ಸ್, ಟಿಬಿ, ಮಲೇರಿಯಾ ವಿರುದ್ಧ ಬಡ ದೇಶಗಳಿಗೆ ಹಣ ಕೊಡುವ ‘ಗ್ಲೋಬಲ್ ಫಂಡ್’ನ ಎಚ್‌ಐವಿ ನೆರವು 2010ರಲ್ಲಿ ಮುಗಿಯಿತು. ಕಾಗದದ ಮೇಲೆ ಇದು ಸರಿಯೇ, ಸಿರಿವಂತ ಸಾಲಿಗೆ ಬಂದ ದೇಶ ತನ್ನ ಖರ್ಚು ತಾನು ನೋಡಿಕೊಳ್ಳಲಿ. ಎಚ್‌ಐವಿ ಚಿಕಿತ್ಸೆಯ ಖರ್ಚನ್ನು ಸರ್ಕಾರ ನೋಡಿಕೊಂಡಿತು ಕೂಡ. ಆದರೆ ಡ್ರಗ್ಸ್ ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಹಂಚುವ ಕೆಲಸ ಸೊರಗಿತು. ಅದೇ ಹೊತ್ತಿಗೆ ದಿನಕ್ಕೆ ಹಲವು ಸಲ ಚುಚ್ಚಿಕೊಳ್ಳುವಂಥ ಹೊಸ ಮಾದಕ ಪುಡಿಗಳು ಮಾರುಕಟ್ಟೆಗೆ ಬಂದಿದ್ದವು. ಸೂಜಿ ಜಾಸ್ತಿ ಬೇಕಾದ ಸಮಯದಲ್ಲೇ ಸೂಜಿ ಕಡಿಮೆಯಾಯಿತು. 2010ರಲ್ಲಿ ಹೊಸ ಎಚ್‌ಐವಿ ಪ್ರಕರಣಗಳಲ್ಲಿ ಇಂಥವರ ಪಾಲು ಶೇ 3ರ ಆಸುಪಾಸಿನಲ್ಲಿತ್ತು. 2013ರ ಹೊತ್ತಿಗೆ ಅದು ಸುಮಾರು ಶೇ 30.

ಸೂಜಿಗೆ ಎಷ್ಟು ಮಹಾ ದುಡ್ಡು? ಹಣದ ಕೊರತೆಗಿಂತ, ಅದನ್ನು ಕೇಳುವ ಮತದಾರ ಇರಲಿಲ್ಲ ಎನ್ನುವುದು ದೊಡ್ಡ ಕಾರಣ. ಹೆರಿಗೆ ಆಸ್ಪತ್ರೆ ಮುಚ್ಚಿದರೆ ಊರು ರಸ್ತೆಗಿಳಿಯುತ್ತದೆ. ಡ್ರಗ್ಸ್ ತೆಗೆದುಕೊಳ್ಳುವವನ ಸೂಜಿ ನಿಂತಿತು ಎಂದು ಯಾವ ಶಾಸಕನ ಮನೆ ಮುಂದೆಯೂ ಧರಣಿ ಕೂರುವುದಿಲ್ಲ. ಹೊರಗಿನ ಹಣ ಬರುತ್ತಿದ್ದುದೇ ಅಂಥ ಕೆಲಸಗಳಿಗೆ. ಹಾಗಾಗಿ ಹೊರಗಿನ ಹಣ ಹೋದಾಗ ಮೊದಲು ಬೀಳುವುದೂ ಅವೇ.

ಆವಾಹನ್: ಹೋಗುವ ದಿನ ಮೊದಲೇ ಗೊತ್ತಿದ್ದ ಕಾರ್ಯಕ್ರಮ

ಇದಕ್ಕೆ ತದ್ವಿರುದ್ಧವಾದ ಒಂದು ಪ್ರಯೋಗ ನಮ್ಮ ಮಗ್ಗುಲಲ್ಲೇ ನಡೆದಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

2003ರಲ್ಲಿ ಗೇಟ್ಸ್ ಫೌಂಡೇಷನ್ ಭಾರತದಲ್ಲಿ ‘ಆವಾಹನ್’ ಎಂಬ ಎಚ್‌ಐವಿ ತಡೆ ಕಾರ್ಯಕ್ರಮ ಶುರು ಮಾಡಿತು. ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡು, ಮಹಾರಾಷ್ಟ್ರ, ಮಣಿಪುರ, ನಾಗಾಲ್ಯಾಂಡ್, ಹೀಗೆ ಆರು ರಾಜ್ಯಗಳ 83 ಜಿಲ್ಲೆಗಳಲ್ಲಿ. ಹತ್ತು ವರ್ಷಕ್ಕೆ ಒಟ್ಟು ಮೀಸಲಿಟ್ಟದ್ದು 33.8 ಕೋಟಿ ಡಾಲರ್. ಲೈಂಗಿಕ ಕಾರ್ಯಕರ್ತೆಯರು, ಪುರುಷರ ಜೊತೆ ಸಂಬಂಧವಿರುವ ಪುರುಷರು, ಟ್ರಾನ್ಸ್‌ಜೆಂಡರ್ ಸಮುದಾಯದವರು, ಡ್ರಗ್ಸ್ ಚುಚ್ಚಿಕೊಳ್ಳುವವರು ಮತ್ತು ಹೆದ್ದಾರಿಯ ಲಾರಿ ಡ್ರೈವರ್‌ಗಳು ಇವರ ಗುರಿ. ಕರ್ನಾಟಕದಲ್ಲಿ ಮುಂದೆ ನಿಂತದ್ದು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್. ರಾಜ್ಯದ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸೇರಿ 2003ರಲ್ಲಿ ಕಟ್ಟಿದ ಸಂಸ್ಥೆ ಅದು.

ಕೆಲಸದ ಬೆನ್ನೆಲುಬು ‘ಪೀರ್’. ಅಂದರೆ ಅದೇ ಸಮುದಾಯದ ಒಬ್ಬಾಕೆ. ಅವಳ ಪಾಲಿಗೆ ಐವತ್ತು ಅರವತ್ತು ಹೆಂಗಸರು. ಅವಳ ಕೈಯಲ್ಲಿ ಒಂದು ಡೈರಿ. ಓದು ಬರಹ ಬಾರದವರೇ ಹೆಚ್ಚು, ಹಾಗಾಗಿ ಡೈರಿಯಲ್ಲಿ ಅಕ್ಷರಕ್ಕಿಂತ ಚಿತ್ರ ಜಾಸ್ತಿ. ಯಾರಿಗೆ ಈ ವಾರ ಎಷ್ಟು ಕಾಂಡೋಮ್ ಬೇಕಾಗುತ್ತದೆ, ಯಾರು ಕ್ಲಿನಿಕ್‌ಗೆ ಬಂದು ತಿಂಗಳಾಯಿತು, ಯಾರು ಈ ದಂಧೆಗೆ ಹೊಸಬಳು, ಯಾರು ಕುಡಿತಕ್ಕೆ ಬಿದ್ದಿದ್ದಾಳೆ, ಎಲ್ಲಕ್ಕೂ ಒಂದೊಂದು ಗುರುತು. ಪುಟ ತಿರುವಿದರೆ ಇವತ್ತು ಯಾರನ್ನು ಹುಡುಕಬೇಕು ಎಂದು ಗೊತ್ತಾಗುತ್ತದೆ. ಬೆಂಗಳೂರಿನ ಏರ್ ಕಂಡೀಷನ್ಡ್ ಕಚೇರಿಯಲ್ಲಿ ಕುಳಿತವರು ಮಾಡಬೇಕಾದ ವಿಶ್ಲೇಷಣೆಯನ್ನು ಬಸ್ ಸ್ಟ್ಯಾಂಡ್‌ನಲ್ಲಿ ನಿಂತವಳು ಮಾಡುತ್ತಿದ್ದಳು. ಕಾರ್ಯಕ್ರಮದ ಹತ್ತು ವರ್ಷಗಳಲ್ಲಿ 6 ಲಕ್ಷದಷ್ಟು ಎಚ್‌ಐವಿ ಸೋಂಕು ತಪ್ಪಿರಬಹುದು ಎಂದು ಸಂಶೋಧಕರು ಗಣಿತದ ಮಾದರಿಗಳಿಂದ ಅಂದಾಜು ಮಾಡಿದ್ದಾರೆ. ಅಂದಾಜು ಅಂದಾಜೇ. ಅರ್ಧ ನಿಜವಾದರೂ ಸಣ್ಣ ಮಾತಲ್ಲ.

ನಮ್ಮ ಚರ್ಚೆಗೆ ಮುಖ್ಯವಾದದ್ದು ಇನ್ನೊಂದು ಸಂಗತಿ. ಕಾರ್ಯಕ್ರಮವನ್ನು ಸರ್ಕಾರಕ್ಕೆ ಒಪ್ಪಿಸಿ ಹೋಗುತ್ತೇವೆ ಎನ್ನುವುದು ಶುರುವಿನ ಗುರಿಗಳಲ್ಲೇ ಇತ್ತು. ಒಪ್ಪಿಸಿದ್ದು ಮೂರು ಕಂತಿನಲ್ಲಿ. 2009ರಲ್ಲಿ ಸುಮಾರು ಶೇ 10ರಷ್ಟು ಪ್ರಾಜೆಕ್ಟ್‌ಗಳು, 2011ರಲ್ಲಿ ಶೇ 20, 2012ರಲ್ಲಿ ಮಿಕ್ಕ ಶೇ 70.

ಮೊದಲ ಕಂತು ಎಡವಿತು. ತಯಾರಿ ಸಾಲದಾಗಿತ್ತು, ದರದ ಲೆಕ್ಕ ಹೊಂದಲಿಲ್ಲ. ಆವಾಹನ್ ಒಂದು ಕೆಲಸಕ್ಕೆ ಕೊಡುತ್ತಿದ್ದ ಹಣವೇ ಬೇರೆ, ನ್ಯಾಕೊ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅದೇ ಕೆಲಸಕ್ಕೆ ಕೊಡುತ್ತಿದ್ದ ದರವೇ ಬೇರೆ. ಆವಾಹನ್‌ಗೆ ತನ್ನದೇ ಕ್ಲಿನಿಕ್‌ಗಳಿದ್ದವು. ಸರ್ಕಾರದ ಪದ್ಧತಿಯಲ್ಲಿ ಜನರನ್ನು ಸರ್ಕಾರಿ ಆಸ್ಪತ್ರೆಗೋ ಗೊತ್ತು ಮಾಡಿದ ಖಾಸಗಿ ಡಾಕ್ಟರ ಹತ್ತಿರಕ್ಕೋ ಕಳಿಸಬೇಕು. ದೊಡ್ಡ ಸಂಬಳದ ಮನೆಯಲ್ಲಿ ಬೆಳೆದ ಮಗುವನ್ನು ಸಣ್ಣ ಸಂಬಳದ ಮನೆಗೆ ದತ್ತು ಕೊಟ್ಟ ಹಾಗೆ. ಮೊದಲ ತಿಂಗಳೇ ಖರ್ಚು ನೋಡಿ ಕಂಗಾಲು.

ಆದರೆ ಇದು ಶೇ 10ರಲ್ಲಿ ಆದ ಎಡವಟ್ಟು. ಕಲಿಯಲು ಇನ್ನೂ ಸಮಯವಿತ್ತು. ಮುಂದಿನ ಕಂತುಗಳಲ್ಲಿ ಒಪ್ಪಿಸುವ ಮುಂಚೆಯೇ ಬಜೆಟ್ಟನ್ನು ಸರ್ಕಾರದ ದರಕ್ಕೆ ಇಳಿಸಿದರು. ಸರ್ಕಾರ ಕೇಳುವ ಫಾರಂಗಳಲ್ಲೇ ಲೆಕ್ಕ ಬರೆಯುವ ಅಭ್ಯಾಸ ಮಾಡಿಸಿದರು. ಒಪ್ಪಿಸಿದ ಮೇಲೂ ಒಂದಷ್ಟು ಕಾಲ ಬೆನ್ನಿಗೆ ನಿಂತರು. ಹಸ್ತಾಂತರವನ್ನು ಹತ್ತಿರದಿಂದ ಗಮನಿಸಿದ ಸಂಶೋಧಕರು ಕಂಡದ್ದು ಇದೇ: ಚೆನ್ನಾಗಿ ತಯಾರಾಗಿದ್ದ ಕಡೆ ಕೆಲಸ ಸರ್ಕಾರದ ವ್ಯವಸ್ಥೆಯೊಳಗೆ ಚೆನ್ನಾಗಿ ಬೇರೂರಿತು. ಮುಖ್ಯ ಸೇವೆಗಳು ಕುಸಿಯಲಿಲ್ಲ.

ಏನು ಕಳೆದುಹೋಯಿತು ಎನ್ನುವುದನ್ನೂ ನೋಡಬೇಕು. ಹಣ ಬರುವುದು ತಡವಾಯಿತು. ಕಾಂಡೋಮ್‌ನಂಥ ಸಾಮಗ್ರಿ ಕೆಲವು ಕಡೆ ಖಾಲಿಯಾಯಿತು. ಸ್ಥಳೀಯವಾಗಿ ಏನಾದರೂ ಬದಲಿಸಬೇಕೆಂದರೆ ಇದ್ದ ಸ್ವಾತಂತ್ರ್ಯ ಹೋಯಿತು. ರಾತ್ರಿ ಪೊಲೀಸರು ಹಿಡಿದುಕೊಂಡು ಹೋದಾಗ ಓಡಿ ಬರುವ ತಂಡ, ಸಂಘ ಕಟ್ಟುವ ಕೆಲಸ, ಕೂತು ಮಾತಾಡಲು ಒಂದು ಬಾಡಿಗೆ ಕೋಣೆ, ಇಂಥವನ್ನು ಸರ್ಕಾರದ ದರಪಟ್ಟಿಯ ಯಾವ ಕಾಲಂನಲ್ಲಿ ಬರೆಯುವುದು? ಎಣಿಸಲು ಬರುವುದು ಉಳಿಯಿತು. ಎಣಿಸಲು ಬಾರದ್ದು ಬಡವಾಯಿತು. ನನಗೆ ಕಾಣುವ ಹಾಗೆ ಆವಾಹನ್ ಕಲಿಸುವ ಅಸಲು ಪಾಠ ಇಲ್ಲಿದೆ. ತಯಾರಿ ಮಾಡಿದರೂ ಎಲ್ಲವೂ ಉಳಿಯುವುದಿಲ್ಲ. ಯಾವುದನ್ನು ಬಿಟ್ಟುಕೊಡುತ್ತೇವೆ ಎಂದು ತಿಳಿದು ಬಿಡುವುದಕ್ಕೂ, ಅದು ತಾನಾಗಿ ಉದುರಿಹೋಗುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಸರ್ಕಾರ ವಹಿಸಿಕೊಳ್ಳಲಿ ಎನ್ನುವವರು

ಇನ್ನು ಮುಂದೆ ಯಾರು ದುಡ್ಡು ಕೊಡಬೇಕು ಎಂಬ ಜಗಳಕ್ಕೆ ಬರೋಣ. ಹೆಚ್ಚಿನವರ ವಾದ, ಆರೋಗ್ಯ ಸರ್ಕಾರದ ಹೊಣೆ, ಕೊನೆಗೆ ಅಲ್ಲಿಗೇ ಬರಬೇಕು ಎಂಬುದು. ಭಾರತದ ಮಟ್ಟಿಗೆ ಇದು ಸಾಕಷ್ಟು ಕೆಲಸ ಮಾಡಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೊದಲ ಹಂತ 1992ರಲ್ಲಿ ವಿಶ್ವಬ್ಯಾಂಕ್ ಸಾಲದ ಬಲದಿಂದ ಶುರುವಾಗಿತ್ತು. ಐದನೇ ಹಂತಕ್ಕೆ ಕೇಂದ್ರವೇ ಪೂರ್ತಿ 15,471.94 ಕೋಟಿ ರೂಪಾಯಿ ಇಟ್ಟಿತು. 2023ರ ಅಂದಾಜಿನ ಪ್ರಕಾರ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಂದಿ ಎಚ್‌ಐವಿ ಜೊತೆ ಇದ್ದಾರೆ. ಕರ್ನಾಟಕದಲ್ಲೇ ಸುಮಾರು 2.8 ಲಕ್ಷ. ಅಮೆರಿಕ ಕೈ ಎತ್ತಿದಾಗ ಇವರ ಮಾತ್ರೆ ನಿಲ್ಲಲಿಲ್ಲ ಎಂದರೆ ಅದಕ್ಕೆ ಈ ಬಜೆಟ್ ಸಾಲೇ ಕಾರಣ.

ಆದರೆ ಸರ್ಕಾರದ ದುಡ್ಡಿಗೂ ಅದರದೇ ಕಾಯಿಲೆಗಳಿವೆ. 2014–15ರಿಂದ ಕೇಂದ್ರ ಪ್ರಾಯೋಜಿತ ಯೋಜನೆಗಳ ಹಣ ನೇರವಾಗಿ ರಾಜ್ಯದ ಏಡ್ಸ್ ಸೊಸೈಟಿಯಂಥ ಸಂಸ್ಥೆಗಳ ಖಾತೆಗೆ ಹೋಗುವ ಬದಲು ರಾಜ್ಯದ ಖಜಾನೆ ಮೂಲಕ ಹೋಗತೊಡಗಿತು. ಲೆಕ್ಕ ಸ್ಪಷ್ಟವಾಗಲಿ, ರಾಜ್ಯಕ್ಕೂ ಗೊತ್ತಿರಲಿ ಎಂಬುದು ಉದ್ದೇಶ. ನಡುವೆ ಒಂದು ಮೇಜು ಹೆಚ್ಚಾಯಿತು. ಮೇಜು ಹೆಚ್ಚಾದರೆ ಕಡತ ನಿಲ್ಲುವ ಜಾಗವೂ ಹೆಚ್ಚಾಯಿತು ಅಂತ ಲೆಕ್ಕ. ಹಿಂದಿನ ವರ್ಷದ ಯುಸಿ, ಅಂದರೆ ಹಣ ಖರ್ಚಾಗಿದೆ ಎಂಬ ಪ್ರಮಾಣಪತ್ರ, ಹೋಗದೆ ಈ ವರ್ಷದ ಕಂತು ಬರುವುದಿಲ್ಲ. ಈ ವರ್ಷದ ಕಂತು ಬರದೆ ಸಂಬಳ ಆಗುವುದಿಲ್ಲ. ತಿಂಗಳುಗಟ್ಟಲೆ ಕೈ ಸಾಲದಲ್ಲಿ ನಡೆಯಲು ದೊಡ್ಡ ಎನ್‌ಜಿಒಗೆ ಆದೀತು. ಸಮುದಾಯದ ಸಣ್ಣ ಸಂಘಕ್ಕೆ ಎಲ್ಲಿಂದ ಆಗಬೇಕು?

ಸ್ವಂತ ಕಾಲ ಮೇಲೆ ನಿಲ್ಲಲಿ ಎನ್ನುವವರು

ಎರಡನೆಯವರು ಹೇಳುವುದು, ಕೈ ಚಾಚುವುದು ಬಿಟ್ಟು ದುಡಿದು ನಡೆಸಲಿ ಎಂದು. ಇದಕ್ಕೆ ಒಳ್ಳೆಯ ಮಾದರಿಗಳು ಇಲ್ಲದಿಲ್ಲ. ಕೋಲ್ಕತ್ತದ ಸೋನಾಗಾಛಿಯ ಲೈಂಗಿಕ ಕಾರ್ಯಕರ್ತೆಯರು 1995ರಲ್ಲಿ ‘ಉಷಾ’ ಎಂಬ ಸಹಕಾರಿ ಸಂಘ ಕಟ್ಟಿಕೊಂಡರು. ಬಡ್ಡಿ ಸಾಲದವರ ಹಿಡಿತದಿಂದ ಬಿಡಿಸಿಕೊಳ್ಳುವುದು ಅದರ ಗುರಿ. ಮೈಸೂರಿನಲ್ಲಿ ‘ಆಶೋದಯ ಸಮಿತಿ’ ಪ್ರಾಜೆಕ್ಟ್ ಆಗಿ ಹುಟ್ಟಿ, ಲೈಂಗಿಕ ಕಾರ್ಯಕರ್ತರದೇ ಸಂಘವಾಗಿ ಬೆಳೆಯಿತು. ವಿಶ್ವಬ್ಯಾಂಕ್‌ನ ಸ್ಪರ್ಧೆಯೊಂದರಲ್ಲಿ ಗೆದ್ದ ಹಣದಿಂದ ಹೋಟೆಲನ್ನೂ ತೆರೆಯಿತು. ಇವರ ಕೈಯಿಂದ ಊಟ ಮಾಡುತ್ತಾರಾ ಎಂಬ ಅನುಮಾನಕ್ಕೆ ಅದು ಕೊಟ್ಟ ಉತ್ತರ ಬಲವಾದದ್ದು. ಆದರೆ ಸಣ್ಣ ಹೋಟೆಲಿನ ಲಾಭದಲ್ಲಿ ಒಂದು ಜಿಲ್ಲೆಯ ಎಚ್‌ಐವಿ ತಡೆ ಕಾರ್ಯಕ್ರಮ ನಡೆಯಲಾರದು. ಹೋಟೆಲ್ ನಡೆಸುವುದು ಎಷ್ಟು ಕಷ್ಟ ಎಂದು ಹೋಟೆಲಿನವರನ್ನೇ ಕೇಳಿ. ಇಂಥ ವ್ಯವಹಾರ ಸಂಘವನ್ನು ಜೀವಂತ ಇಡುತ್ತದೆ. ಸೇವೆಯ ಖರ್ಚು ಹೊರುತ್ತದೆ ಎಂದು ಬಯಸುವುದು ಅತಿಯಾಸೆ.

ಸೇವೆ ಪಡೆಯುವವರಿಂದಲೇ ಸ್ವಲ್ಪ ಶುಲ್ಕ ತೆಗೆದುಕೊಂಡರೆ? ಕೇಳಲು ನ್ಯಾಯವಾಗಿಯೇ ಇದೆ. ಕೆನ್ಯಾದ ಬುಸಿಯಾದಲ್ಲಿ ಶಾಲಾ ಮಕ್ಕಳ ಜಂತುಹುಳದ ಮಾತ್ರೆಗೆ ಹೀಗೆ ಮಾಡಿ ನೋಡಿದರು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೈಕೆಲ್ ಕ್ರೆಮರ್ ಅದರ ಫಲಿತಾಂಶವನ್ನು ಅಧ್ಯಯನ ಮಾಡಿದವರಲ್ಲಿ ಒಬ್ಬರು. ಮಾತ್ರೆ ಪುಕ್ಕಟೆ ಇದ್ದ ಶಾಲೆಗಳಲ್ಲಿ ಶೇ 75ರಷ್ಟು ಮಕ್ಕಳು ತೆಗೆದುಕೊಂಡರು. ಪುಡಿಗಾಸು ಶುಲ್ಕ ಇಟ್ಟ ಶಾಲೆಗಳಲ್ಲಿ ಶೇ 19. ದುಡ್ಡು ಕೊಟ್ಟರೆ ಬೆಲೆ ಗೊತ್ತಾಗುತ್ತದೆ ಎಂಬ ನಂಬಿಕೆ ಅಲ್ಲಿ ನಡೆಯಲಿಲ್ಲ. ಅದಕ್ಕೆ ಕಾರಣವೂ ಇದೆ. ಒಂದು ಮಗುವಿನ ಹುಳ ಹೋದರೆ ಪಕ್ಕದ ಮನೆಯ ಮಗುವಿಗೂ ಲಾಭ. ಪಕ್ಕದ ಮನೆಯ ಲಾಭಕ್ಕೆ ನಾನ್ಯಾಕೆ ದುಡ್ಡು ಕೊಡಲಿ ಎಂದು ಜನ ಯೋಚಿಸುವುದು ಸಹಜ ಅಲ್ವಾ? ಸಾರ್ವಜನಿಕ ಆರೋಗ್ಯ ಎಂದರೆ ಬಹುಪಾಲು ಇಂಥ ಪಕ್ಕದ ಮನೆಯ ಲಾಭವೇ.

ಅಗ್ಗದ ದಾರಿ

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ದಾರಿಯಿದೆ. ಹೆಂಗಸರಿಗೆ ಕಡಿಮೆ ಕೊಟ್ಟು ಕೆಲಸ ನಡೆಸುವುದು. ಆಶಾ ಕಾರ್ಯಕರ್ತೆಯರಿಗೆ ಸಿಗುವುದಕ್ಕೆ ಇವತ್ತಿಗೂ ಹೆಸರು ‘ಗೌರವಧನ’, ‘ಪ್ರೋತ್ಸಾಹಧನ’. ಸಂಬಳ ಎನ್ನುವ ಹಾಗಿಲ್ಲ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕುಳಿತು 15,000 ರೂಪಾಯಿ ಕೇಳಿದರು. ಕೊನೆಗೆ ತಿಂಗಳಿಗೆ ಕನಿಷ್ಠ 10,000 ಸಿಗುವ ಹಾಗೆ ಮಾಡುತ್ತೇವೆ ಎಂಬ ಭರವಸೆ ಸಿಕ್ಕಿತು. ಎಚ್‌ಐವಿ ಕಾರ್ಯಕ್ರಮದ ಪೀರ್‌ಗಳದೂ ಇದೇ ಸಾಲು. ಕಾಗದದ ಮೇಲೆ ಇಂಥ ಕಾರ್ಯಕ್ರಮ ‘ಕಡಿಮೆ ವೆಚ್ಚದ, ಬಾಳಿಕೆಯ ಮಾದರಿ’ ಎಂದು ಹೊಳೆಯುತ್ತದೆ. ಅದರ ನಿಜವಾದ ಖರ್ಚನ್ನು ಹೊತ್ತವಳು ಬೇರೆ.

ಮೆಟ್ಟಿಲಿಳಿಯುವುದು, ಧುಮುಕುವುದು

ನೆರವು ನಿಲ್ಲಿಸುವುದೇ ತಪ್ಪು ಎನ್ನಲಾಗದು. ಆಫ್ರಿಕಾದ ನಾಯಕರಲ್ಲೇ ಹಲವರು, ನಮ್ಮ ಜನರ ಆರೋಗ್ಯ ಇನ್ನೊಬ್ಬರ ಚುನಾವಣೆಯ ಮೇಲೆ ನಿಲ್ಲಬಾರದು ಎನ್ನುತ್ತಿದ್ದಾರೆ. ನೆರವು ನಿಂತ ಮೇಲೆ ನೈಜೀರಿಯಾದ ಸಂಸತ್ತು ಆರೋಗ್ಯ ಬಜೆಟ್‌ಗೆ 20 ಕೋಟಿ ಡಾಲರ್ ಸೇರಿಸಿತು. ತಕರಾರು ಇರುವುದು ನಿಲ್ಲಿಸುವ ರೀತಿಯ ಬಗ್ಗೆ.

ಲಸಿಕೆಗೆ ನೆರವು ಕೊಡುವ ‘ಗಾವಿ’ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಒಂದು ಮೆಟ್ಟಿಲು ಕಟ್ಟಿದೆ. ಬಡ ದೇಶ ಮೊದಲು ಪ್ರತಿ ಡೋಸ್‌ಗೆ ಕೆಲವು ಸೆಂಟ್ ಕೊಡಬೇಕು. ತಲಾ ಆದಾಯ ಏರಿದ ಹಾಗೆ ಪಾಲು ಏರುತ್ತದೆ. ಒಂದು ಮಟ್ಟ ದಾಟಿದ ಮೇಲೆ ಪೂರ್ತಿ ಖರ್ಚು ವಹಿಸಿಕೊಳ್ಳಲು ಎಂಟು ವರ್ಷ. ಹಿಂದೆ ಐದು ವರ್ಷ ಇತ್ತು, ಸಾಲದು ಎಂದು ಕಂಡು ಹೆಚ್ಚಿಸಿದರು. ಇಲ್ಲಿ ಗಮನಿಸಬೇಕಾದ್ದು ಮೊದಲ ದಿನದ ಆ ಕೆಲವು ಸೆಂಟ್. ಮೊತ್ತ ಪುಡಿಗಾಸು, ಆದರೆ ಅದನ್ನು ಕೊಡಬೇಕೆಂದರೆ ಆ ದೇಶದ ಬಜೆಟ್‌ನಲ್ಲಿ ‘ಲಸಿಕೆ’ ಎಂಬ ಒಂದು ಸಾಲು ಬೇಕೇ ಬೇಕು. ಸಾಲು ಇದ್ದರೆ ಮುಂದಿನ ವರ್ಷ ಅದರ ಎದುರಿನ ಅಂಕಿ ಹೆಚ್ಚಿಸಬಹುದು. ಇಲ್ಲದ ಸಾಲನ್ನು ಹೊಸದಾಗಿ ಹುಟ್ಟಿಸುವುದು ಹಣಕಾಸು ಇಲಾಖೆಯ ಜೊತೆ ಯುದ್ಧ.

ಭಾರತದ ಪೋಲಿಯೊ ಕಣ್ಗಾವಲು ಜಾಲ ಇನ್ನೊಂದು ಬಗೆ. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಸರ್ಕಾರ ಸೇರಿ ಕಟ್ಟಿದ್ದು. ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಕೆಲಸ ಮುಗಿಯಿತು ಎಂದು ಜಾಲ ಬಿಚ್ಚಿಬಿಡಬಹುದಿತ್ತು. ಬಿಚ್ಚದೆ ಅದನ್ನೇ ದಡಾರ, ರುಬೆಲ್ಲಾದಂಥ ಕಾಯಿಲೆಗಳ ಮೇಲೆ ಕಣ್ಣಿಡಲು ತಿರುಗಿಸಿದರು, ಸರ್ಕಾರದ ಪಾಲಿನ ಹಣ ಹಂತ ಹಂತವಾಗಿ ಹೆಚ್ಚಿತು.

ಈಗ ಅಮೆರಿಕವೂ ಹೊಸ ರೀತಿಯ ಒಪ್ಪಂದಕ್ಕೆ ಬಂದಿದೆ. 2025ರ ಡಿಸೆಂಬರ್‌ನಲ್ಲಿ ಕೆನ್ಯಾದ ಜೊತೆ ಮೊದಲನೆಯದು ಆಯಿತು. ಐದು ವರ್ಷದಲ್ಲಿ ಅಮೆರಿಕದಿಂದ 160 ಕೋಟಿ ಡಾಲರ್‌ವರೆಗೆ, ಕೆನ್ಯಾ ತನ್ನ ಕಡೆಯಿಂದ 85 ಕೋಟಿ ಡಾಲರ್ ಹೆಚ್ಚಿಗೆ. ಹಣ ಎನ್‌ಜಿಒಗಳ ಬದಲು ಸರ್ಕಾರದ ಮೂಲಕ ಹೋಗಬೇಕು ಎನ್ನುವುದು ಇದರ ತಿರುಳು. ಸರ್ಕಾರಿ ವ್ಯವಸ್ಥೆಯ ಪಕ್ಕದಲ್ಲೇ ಇನ್ನೊಂದು ವ್ಯವಸ್ಥೆ ಕಟ್ಟುವ ಹಳೆಯ ತಪ್ಪು ಇದರಿಂದ ಕಡಿಮೆಯಾಗಬಹುದು. ಜೊತೆಗೆ, ಸರ್ಕಾರಕ್ಕೆ ಇಷ್ಟವಿಲ್ಲದ ಜನರಿಗೆ ಸೇವೆ ಕೊಡುತ್ತಿದ್ದ ಕ್ಲಿನಿಕ್‌ಗಳು ಪಟ್ಟಿಯಿಂದ ಬಿದ್ದುಹೋಗುವ ಸಾಧ್ಯತೆಯೂ ಇದೆ. ರೊಮೇನಿಯಾದ ಸೂಜಿಯ ಹಾಗೆ.

ನಮ್ಮ ಕಡತದಲ್ಲಿ ಏನು ಹುಡುಕಬೇಕು

ಕಾರ್ಯಕ್ರಮ ಮುಗಿಯುವ ದಿನಾಂಕ ಗೊತ್ತಿರುವುದು ಕೆಟ್ಟದ್ದಲ್ಲ. ಗೇಟ್ಸ್ ಫೌಂಡೇಷನ್ ತಾನೇ 2045ರ ಕೊನೆಗೆ ಮುಚ್ಚುತ್ತೇನೆ ಎಂದು 2025ರ ಮೇ ತಿಂಗಳಲ್ಲೇ ಹೇಳಿದೆ. ಅದರ ಹಣ ಪಡೆಯುವವರಿಗೆ ಇಪ್ಪತ್ತು ವರ್ಷದ ನೋಟಿಸ್ ಸಿಕ್ಕಿತು. ಯುಎಸ್‌ಏಡ್‌ನವರಿಗೆ ಸಿಕ್ಕಿದ್ದು ಒಂದು ಪತ್ರ.

ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೇ ಹಂತವನ್ನು ರೂಪಿಸಿದ್ದು 2026ರ ಮಾರ್ಚ್ 31ರವರೆಗೆ. ಅದರ ಮುಂದಿನ ಕಡತ ಕೈಗೆ ಸಿಕ್ಕಾಗ ಒಟ್ಟು ಎಷ್ಟು ಕೋಟಿ ಎಂದು ಮೊದಲ ಪುಟದಲ್ಲೇ ಇರುತ್ತದೆ, ಪತ್ರಿಕೆಗಳ ಹೆಡ್‌ಲೈನೂ ಅದೇ ಆಗುತ್ತದೆ. ಒಳಪುಟಗಳಲ್ಲಿ ಹುಡುಕಬೇಕಾದ್ದು ಬೇರೆ. ಪೀರ್‌ಗಳ ಗೌರವಧನ ಈಗಿನ ಬೆಲೆಗೆ ತಕ್ಕಂತೆ ಏರಿದೆಯಾ? ಬಾಡಿಗೆ ಕೋಣೆಗೆ ಕೊಡುವ ಮೊತ್ತದಲ್ಲಿ ಇವತ್ತು ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಕೋಣೆ ಸಿಗುತ್ತದಾ? ಟ್ರಾನ್ಸ್‌ಜೆಂಡರ್ ಸಮುದಾಯದ ಕ್ಲಿನಿಕ್‌ಗೆ ಅದರದೇ ಒಂದು ಸಾಲು ಇದೆಯಾ, ಅಥವಾ ‘ಇತರೆ’ಯಲ್ಲಿ ಸೇರಿಸಿದ್ದಾರಾ? ಸಂಘಗಳಿಗೆ ಮೂರು ತಿಂಗಳ ಖರ್ಚನ್ನು ಮುಂಗಡ ಕೊಡುವ ಏರ್ಪಾಡು ಇದೆಯಾ? ಏಪ್ರಿಲ್, ಮೇ, ಜೂನ್‌ನ ಗೌರವಧನ ಅಕ್ಟೋಬರಿನಲ್ಲಿ ಖಾತೆಗೆ ಬಂದರೆ, ಅಷ್ಟು ಹೊತ್ತಿಗೆ ಡೈರಿ ಹಿಡಿದವಳು ಬೇರೆ ಕೆಲಸ ನೋಡಿಕೊಂಡಿರುತ್ತಾಳೆ. ಅವಳ ಐವತ್ತು ಅರವತ್ತು ಮಂದಿಯ ಗುರುತು ಇನ್ನೊಬ್ಬರಿಗೆ ಇರುವುದಿಲ್ಲ.